ಕಾರ್ಬನ್ ದೋಟಿಯನ್ನು ಚೀನಾದಿಂದ ನಾವೇ ತರಿಸುವುದೋ, ಆಮದುದಾರರಿಂದ ಕೊಳ್ಳುವುದೋ?

ಬದಿಯಡ್ಕ, ಕೃಷಿ ಸಲಕರಣೆ ಅಂಗಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಮ್ಮದೊಂದು ಸಣ್ಣ ಕೃಷಿ ಸಲಕರಣೆಯ ಅಂಗಡಿ ಇದೆ. ಕಳೆ ಕೊಚ್ಚುವ ಯಂತ್ರ, ಮದ್ದಿನ ಪಂಪು, ಹೋಸ್ ಪೈಪು ಮತ್ತು ಅವುಗಳ ಬಿಡಿಭಾಗಗಳ ಜೊತೆಗೆ, ಅಡಿಕೆ ಕೊಯ್ಯುವುದಕ್ಕೂ ಕೊಳೆರೋಗಕ್ಕೆ ಬೋರ್ಡೋ ಮದ್ದು ಸಿಂಪಡಿಸುವುದಕ್ಕೂ ಬಳಸುವ ಕಾರ್ಬನ್ ಫೈಬರ್ ದೋಟಿಯನ್ನು, ಅಂದರೆ ಉದ್ದನೆಯ ಕೋಲನ್ನು, ಕೆಲವು ವರ್ಷಗಳಿಂದ ಮಾರುತ್ತಿದ್ದೇವೆ. ಮರ ಏರುವವರು ಸಿಗುವುದೇ ಕಷ್ಟವಾದ ಮೇಲೆ ಇದನ್ನು ವಿಚಾರಿಸಿಕೊಂಡು ನಮ್ಮ ಜಿಲ್ಲೆಯವರಷ್ಟೇ ಅಲ್ಲ, ವಿಟ್ಲ, ಪುತ್ತೂರು ಕಡೆಯವರೂ ಬರುತ್ತಿದ್ದಾರೆ.

ಈಗ ನಮಗೆ ಮಾಲು ಕೊಡುತ್ತಿರುವುದು ಹೊರ ಊರಿನ ಒಬ್ಬ ಆಮದುದಾರರು. ಇತ್ತೀಚೆಗೆ ಚೀನಾದ ಒಂದು ಕಾರ್ಖಾನೆಗೆ ಇಮೇಲ್ ಬರೆದು ದರ ಕೇಳಿದೆ. ಅವರು ಹೇಳಿದ ದರಕ್ಕೂ ನಾವು ಆಮದುದಾರರಿಗೆ ಕೊಡುತ್ತಿರುವ ದರಕ್ಕೂ ಬಹಳ ಅಂತರವಿದೆ. ಒಂದು ದೋಟಿಗೆ ಹತ್ತಾರು ಸಾವಿರ ರೂಪಾಯಿ ಕೊಡಲಾಗದೆ ಹಿಂದೆ ಹೋಗುವ ಸಣ್ಣ ಹಿಡುವಳಿದಾರರನ್ನು ದಿನವೂ ನೋಡುತ್ತಿರುವುದರಿಂದ, ನಡುವಿನವರಿಗೆ ಹೋಗುವ ಹಣದಲ್ಲಿ ಅರ್ಧದಷ್ಟನ್ನಾದರೂ ಅವರಿಗೆ ಉಳಿಸಿಕೊಡಬಹುದಲ್ಲವೇ ಎಂದು ಅನ್ನಿಸಿದೆ. ನಮ್ಮಂಥ ಸಣ್ಣ ವ್ಯಾಪಾರಿಗಳು ನೇರವಾಗಿ ಆಮದು ಮಾಡುವುದು ಸಾಧ್ಯವೇ, ಮಾಡಿದರೆ ನಿಜವಾಗಿ ಎಷ್ಟು ಉಳಿಯುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕು.

ಮಂಜೇಶ್ವರ, ಪಣಂಬೂರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ

ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಸುಲಭ. ಆಮದು–ರಫ್ತು ಸಂಕೇತ ಸಂಖ್ಯೆಗೆ, ಅಂದರೆ ಐಇಸಿಗೆ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ನಿಮ್ಮ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆಯಾಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ, ಏನೂ ಬದಲಾವಣೆ ಇಲ್ಲದಿದ್ದರೂ, ಅದರ ವಿವರವನ್ನು ದೃಢಪಡಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಮಾಲು ಬಂದರಿಗೆ ಬಂದ ಹೊತ್ತಿನಲ್ಲಿ ಇದು ಗೊತ್ತಾಗಿ ಪರದಾಡುವವರನ್ನು ನಾವು ನೋಡಿದ್ದೇವೆ.

ಎಷ್ಟು ಉಳಿಯುತ್ತದೆ ಎಂಬುದಕ್ಕೆ ಮಾತ್ರ ಕಾಗದ ಪೆನ್ಸಿಲು ಹಿಡಿದು ಕೂರಬೇಕು. ಕಾರ್ಖಾನೆಯವರು ಕೊಟ್ಟದ್ದು ಯಾವ ದರ ಎಂದು ಮೊದಲು ನೋಡಿ. ಎಕ್ಸ್‌ವರ್ಕ್ಸ್ ಎಂದಿದ್ದರೆ ಅದು ಕಾರ್ಖಾನೆಯ ಬಾಗಿಲಿನ ದರ. ಎಫ್‌ಒಬಿ ಎಂದಿದ್ದರೆ ಅಲ್ಲಿಯ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ದರ. ಸಿಐಎಫ್ ಎಂದಿದ್ದರೆ ಇಲ್ಲಿಯ ಬಂದರಿನವರೆಗಿನ ಬಾಡಿಗೆ ಮತ್ತು ವಿಮೆ ಸೇರಿದ ದರ. ನಮ್ಮ ಕಸ್ಟಮ್ಸ್ ಸುಂಕ ಹಾಕುವುದು ಬಾಡಿಗೆ, ವಿಮೆಗಳೂ ಸೇರಿದ ಮೌಲ್ಯದ ಮೇಲೆ. ಉದಾಹರಣೆಗೆ, ಆ ಮೌಲ್ಯ 1,00,000 ರೂಪಾಯಿ, ಮೂಲ ಸುಂಕ ಶೇಕಡಾ 10 ಎಂದಿಟ್ಟುಕೊಳ್ಳಿ. ಸುಂಕ 10,000, ಆ ಸುಂಕದ ಮೇಲೆ ಶೇಕಡಾ 10ರಂತೆ ಸಮಾಜ ಕಲ್ಯಾಣ ಮೇಲ್ತೆರಿಗೆ 1,000, ಇವೆಲ್ಲ ಸೇರಿದ 1,11,000ದ ಮೇಲೆ ಆಮದಿನ ಜಿಎಸ್‌ಟಿ, ಅಂದರೆ ಶೇಕಡಾ 18ರ ಐಜಿಎಸ್‌ಟಿ 19,980. ಒಟ್ಟು 30,980 ರೂಪಾಯಿಯನ್ನು ಮಾಲು ಬಿಡಿಸಿಕೊಳ್ಳುವ ಮೊದಲೇ ಕಟ್ಟಬೇಕು. ಐಜಿಎಸ್‌ಟಿ ನಿಮಗೆ ಮುಂದೆ ಕ್ರೆಡಿಟ್ ಆಗಿ, ಅಂದರೆ ಮಾರುವಾಗ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಆಗಿ, ಸಿಗುತ್ತದೆ, ಉಳಿದ 11,000 ಮಾತ್ರ ನಿಜವಾದ ಖರ್ಚು. ಆದರೆ ಕ್ರೆಡಿಟ್ ಸಿಗುವ ತನಕ ಅಷ್ಟೂ ಹಣ ನಿಮ್ಮ ಕೈಯಿಂದ ಹೋಗಿರುತ್ತದೆ. ನಿಮ್ಮ ಸರಕಿನ ಸುಂಕದ ದರ ಯಾವುದು ಎಂಬುದನ್ನು ಸರಕಿನ ವರ್ಗ ಸೂಚಿಸುವ ಎಚ್‌ಎಸ್ ಕೋಡ್ ಹಿಡಿದು ಮೊದಲೇ ಖಚಿತ ಮಾಡಿಕೊಳ್ಳಬೇಕು. ಕಾರ್ಖಾನೆಯವರು ಇನ್‌ವಾಯ್ಸಿನಲ್ಲಿ ಬರೆದ ಕೋಡನ್ನು ಹಾಗೆಯೇ ನಂಬಬಾರದು.

ಇನ್ನು ಬಂದರಿನ ಖರ್ಚು. ಇಡೀ ಕಂಟೈನರ್ ತುಂಬುವಷ್ಟು ಮಾಲು ನಿಮ್ಮಲ್ಲಿ ಇರುವುದಿಲ್ಲ. ಹಲವರ ಮಾಲು ಸೇರಿಸಿ ತುಂಬಿದ ಕಂಟೈನರಿನಲ್ಲಿ, ಅಂದರೆ ಎಲ್‌ಸಿಎಲ್‌ನಲ್ಲಿ ತರಿಸಬೇಕಾಗುತ್ತದೆ. ಮಂಗಳೂರಿನ ಪಣಂಬೂರು ಬಂದರು ನಿಮಗೆ ಹತ್ತಿರವಾದರೂ ಅಂಥ ಬಿಡಿ ಸರಕಿಗೆ ಕೊಚ್ಚಿ, ಚೆನ್ನೈ, ಮುಂಬಯಿ ಬಳಿಯ ನಾವಾ ಶೇವಾಗಳಲ್ಲೇ ಹೆಚ್ಚು ಅನುಕೂಲ. ಚೀನಾದ ಕಡೆಯ ಸಾಗಣೆದಾರರು ಹಡಗಿನ ಬಾಡಿಗೆಯನ್ನು ತೀರಾ ಕಡಿಮೆ, ಕೆಲವೊಮ್ಮೆ ಸೊನ್ನೆ ಎಂದು ಹೇಳುವುದುಂಟು. ಅದನ್ನು ಅವರು ಇಲ್ಲಿಯ ಏಜೆಂಟರ ಮೂಲಕ ಡೆಲಿವರಿ ಆರ್ಡರ್ ಶುಲ್ಕ, ದಾಖಲೆ ಶುಲ್ಕ, ಗೋದಾಮಿನ ನಿರ್ವಹಣೆ ಎಂಬ ಹೆಸರುಗಳಲ್ಲಿ ವಸೂಲು ಮಾಡುತ್ತಾರೆ. ಇವುಗಳಲ್ಲಿ ಹಲವು ಶುಲ್ಕಗಳಿಗೆ ಕನಿಷ್ಠ ಮೊತ್ತವಿರುವುದರಿಂದ ಹತ್ತು ದೋಟಿ ತಂದರೂ ಐವತ್ತು ದೋಟಿ ತಂದರೂ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಇಲ್ಲಿಯ ಬಂದರಿನ ಶುಲ್ಕಗಳ ಪಟ್ಟಿಯನ್ನು ಬರಹದಲ್ಲಿ ತರಿಸಿಕೊಳ್ಳದೆ ಮಾಲು ಹಡಗಿಗೆ ಏರಿಸಲು ಒಪ್ಪಬೇಡಿ.

ಸಾಮಾನ್ಯ ನಿಯಮದಂತೆ ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಆಮದಿನ ಮಾಲಿನ ವಿವರವನ್ನು ಕಸ್ಟಮ್ಸಿಗೆ ಕೊಡುವ ಘೋಷಣೆಯನ್ನು, ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಎರಡು ಲಕ್ಷದ ಮಾಲಿಗೆ ಒಂದು ವಾರದ ವಿಳಂಬವಾದರೆ ನೀವು ಲೆಕ್ಕ ಹಾಕಿದ ಲಾಭದಲ್ಲಿ ಏನು ಉಳಿದೀತು ಎಂದು ನೀವೇ ನೋಡಿ.

ಉಪ್ಪಳ, ಆಟಿಕೆ ಮತ್ತು ಸ್ಟೇಷನರಿ ಅಂಗಡಿ

ನಾನು ಮಹಿಳಾ ವ್ಯಾಪಾರಿ, ನನ್ನ ಅನುಭವ ಆಟಿಕೆಗಳದ್ದು. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ವಿದೇಶದ ಕಾರ್ಖಾನೆಯೂ ಗುಣಮಟ್ಟದ ಗುರುತು ಕೊಡುವ ನಮ್ಮ ಬಿಐಎಸ್‌ನಿಂದ ಪರವಾನಗಿ ಪಡೆದಿರಬೇಕು. ಅದರ ಮೇಲೆ 2020ರಲ್ಲಿ ಶೇಕಡಾ 20ರಿಂದ 60ಕ್ಕೆ ಏರಿದ್ದ ಆಮದು ಸುಂಕ 2023ರಲ್ಲಿ ಶೇಕಡಾ 70 ಆಯಿತು. ಇಂಥ ಸರಕಿನಲ್ಲಿ ಉಪ್ಪಳದ ಒಂದು ಅಂಗಡಿ ನೇರ ಆಮದಿನ ಮಾತೆತ್ತುವುದೇ ವ್ಯರ್ಥ. ಇಲ್ಲಿಯೇ ತಯಾರಾದ, ಗುರುತು ಇರುವ ಮಾಲನ್ನು ಸಗಟು ವ್ಯಾಪಾರಿಗಳಿಂದ ಕೊಳ್ಳುತ್ತೇನೆ. ಅವರು ಸ್ವಲ್ಪ ಹೆಚ್ಚು ತೆಗೆದುಕೊಂಡರೂ, ಒಡೆದ ಪೆಟ್ಟಿಗೆಯನ್ನು ಮುಂದಿನ ಗಾಡಿಯಲ್ಲೇ ಹಿಂದಕ್ಕೆ ಕಳುಹಿಸಬಹುದು, ಹಣ ಕೊಡುವುದಕ್ಕೂ ಒಂದು ತಿಂಗಳ ಅವಕಾಶವಿರುತ್ತದೆ. ಚೀನಾದ ಕಾರ್ಖಾನೆ ನಮಗೆ ಸಾಲ ಕೊಡುವುದಿಲ್ಲವಲ್ಲ, ಅಣ್ಣ.

ಪೆರ್ಲ, ಓದುಗ

ದೋಟಿಯ ಬದಲು ಮದ್ದು ಬಿಡುವ ಡ್ರೋನನ್ನೇ ನೇರವಾಗಿ ತರಿಸಿ ಬಾಡಿಗೆಗೆ ಕೊಟ್ಟರೆ ಆಗದೇ?

ಮಂಜೇಶ್ವರ, ಪಣಂಬೂರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ

ಆಗದು. 2022ರ ಫೆಬ್ರವರಿಯಿಂದ ಪೂರ್ತಿ ಜೋಡಿಸಿದ ಡ್ರೋನನ್ನೂ, ಬಿಚ್ಚಿ ಬಿಡಿಯಾಗಿ ತರುವ ಡ್ರೋನನ್ನೂ ಆಮದು ಮಾಡುವುದು ನಿಷಿದ್ಧ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ ಇದೆ. ಬ್ಯಾಟರಿ ಪಂಪಿನ ಬಗೆಗೂ ಇದೇ ಸಂದರ್ಭದಲ್ಲಿ ಹೇಳಿಬಿಡುತ್ತೇನೆ: ಪಂಪಿನ ಜೊತೆ ಬರುವ ಲಿಥಿಯಂ ಬ್ಯಾಟರಿಗೂ ಪವರ್ ಅಡಾಪ್ಟರಿಗೂ ಬಿಐಎಸ್ ನೋಂದಣಿಯ ಪ್ರಶ್ನೆ ಏಳುತ್ತದೆ. ಪಂಪು ಸರಿಯಿದ್ದರೂ ಪೆಟ್ಟಿಗೆಯೊಳಗಿನ ಚಾರ್ಜರಿನಿಂದಾಗಿ ಮಾಲು ನಿಂತೀತು.

ಕುಂಬಳೆ, ಸಿದ್ಧ ಉಡುಪು ವ್ಯಾಪಾರ

ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿ ಇರುತ್ತಾರೆ. ನನ್ನ ತಮ್ಮ ದುಬೈಯಲ್ಲಿದ್ದಾನೆ. ಅಲ್ಲಿಯ ದೇರಾ ಮಾರುಕಟ್ಟೆಯಲ್ಲಿ ಚೀನಾದ ಎಲ್ಲ ಮಾಲೂ ಸಿಗುತ್ತದೆ. ನಂಬಿಕೆಯ ಮನುಷ್ಯ ಕಣ್ಣಾರೆ ನೋಡಿ, ಕೈಯಲ್ಲಿ ಹಿಡಿದು ಕೊಳ್ಳುವಾಗ ಮೋಸಕ್ಕೆ ಅವಕಾಶ ಕಡಿಮೆ. ಯುಎಇ ಜೊತೆ ನಮ್ಮ ದೇಶಕ್ಕೆ ಒಪ್ಪಂದವೂ ಆಗಿರುವುದರಿಂದ ಸುಂಕವೂ ಕಡಿಮೆಯಾಗಬೇಕಲ್ಲವೇ?

ಮಂಜೇಶ್ವರ, ಪಣಂಬೂರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ

ಕುಂಬಳೆಯವರು ಹೇಳಿದ ನಂಬಿಕೆಯ ಮಾತು ಸರಿ, ಸುಂಕದ ಮಾತು ಸರಿಯಲ್ಲ. 2022ರ ಮೇ 1ರಂದು ಜಾರಿಗೆ ಬಂದ ಒಪ್ಪಂದದ ರಿಯಾಯಿತಿ, ಆ ದೇಶದಲ್ಲೇ ಹುಟ್ಟಿದ ಅಥವಾ ಒಪ್ಪಂದದಲ್ಲಿ ಹೇಳಿದಷ್ಟು ಮಟ್ಟಿಗೆ ಅಲ್ಲಿ ತಯಾರಾದ ಸರಕಿಗೆ ಮಾತ್ರ ಸಲ್ಲುತ್ತದೆ. ಚೀನಾದ ದೋಟಿ ದುಬೈಯ ಗೋದಾಮಿನಲ್ಲಿ ಒಂದು ತಿಂಗಳು ಮಲಗಿದ್ದರೂ ಚೀನಾದ ದೋಟಿಯೇ. ಮೂಲದ ಪ್ರಮಾಣಪತ್ರ ಕೈಯಲ್ಲಿದ್ದರೂ, ಸರಕು ಅಲ್ಲಿ ಹೇಗೆ ತಯಾರಾಯಿತು ಎಂಬ ಮಾಹಿತಿಯನ್ನು ಆಮದುದಾರರೇ ಇಟ್ಟುಕೊಂಡಿರಬೇಕೆಂದು 2020ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ನಿಯಮ ಹೇಳುತ್ತದೆ. ಇನ್ನು, ತಮ್ಮನವರು ರಜೆಯಲ್ಲಿ ಬರುವಾಗ ಪೆಟ್ಟಿಗೆಯಲ್ಲಿ ತರುವುದಾಗಲಿ, ಉಡುಗೊರೆ ಎಂದು ಬರೆದು ಕೊರಿಯರಿನಲ್ಲಿ ಕಳುಹಿಸುವುದಾಗಲಿ ವ್ಯಾಪಾರಕ್ಕೆ ದಾರಿಯಲ್ಲ. ಅಂಚೆ, ಕೊರಿಯರುಗಳಲ್ಲಿ ಉಡುಗೊರೆಯ ಹೆಸರಿನ ಸುಂಕವಿಲ್ಲದ ಆಮದನ್ನು 2019ರ ಡಿಸೆಂಬರಿನಲ್ಲೇ ನಿಲ್ಲಿಸಿದ್ದಾರೆ. ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ ವಿನಾಯಿತಿ.

ನೀರ್ಚಾಲು, ಅಡಿಕೆ ಕೃಷಿಕ, ನಿವೃತ್ತ ಅಧ್ಯಾಪಕ

ಇದುವರೆಗೆ ಮಾತನಾಡಿದವರೆಲ್ಲ ಮಾರುವವರ ಕಡೆಯಿಂದ ಮಾತನಾಡಿದ್ದೀರಿ. ದೋಟಿ ಹಿಡಿಯುವವನ ಕಡೆಯಿಂದ ನನಗೂ ಸ್ವಲ್ಪ ಹೇಳುವುದಿದೆ.

ನಮ್ಮ ತೋಟದ ದೋಟಿ ಒಂದರೊಳಗೊಂದು ಜಾರುವ ಕೊಳವೆಗಳದ್ದು. ಪ್ರತಿ ಕೂಡಿಗೆಯಲ್ಲಿ ಒಂದು ಕ್ಲ್ಯಾಂಪ್, ಅದರೊಳಗೆ ತೆಳ್ಳಗಿನ ಒಂದು ರಬ್ಬರ್ ಪಟ್ಟಿ. ದೋಟಿ ಹಾಳಾಗುವುದು ಯಾವಾಗಲೂ ಇಲ್ಲಿಂದಲೇ. ರಬ್ಬರ್ ಸವೆದ ಮೇಲೆ ಕೊಳವೆ ಜಾರುತ್ತದೆ. ಜಾರುತ್ತದೆಂದು ಆಳುಗಳು ಸ್ಕ್ರೂವನ್ನು ಬಲವಾಗಿ ಬಿಗಿಯುತ್ತಾರೆ. ಆಗ ಕೊಳವೆಯ ಬಾಯಲ್ಲಿ ಕೂದಲೆಳೆಯಂಥ ಸೀಳು ಹುಟ್ಟಿ, ಗೊನೆಯ ಭಾರ ಬಿದ್ದ ದಿನ ಅದು ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಸೀಳಿದ ಕಾರ್ಬನ್ನಿನ ನಾರು ಅಂಗೈಗೆ ಹೊಕ್ಕರೆ ತೆಗೆಯುವುದು ಕಷ್ಟ. ಒಂದು ರಬ್ಬರ್ ಪಟ್ಟಿ ಸಮಯಕ್ಕೆ ಸಿಕ್ಕಿದ್ದರೆ ಇಷ್ಟೂ ತಪ್ಪುತ್ತದೆ. ಆದ್ದರಿಂದ ಹೊಸ ದೋಟಿ ಎಷ್ಟು ಕಡಿಮೆಗೆ ಸಿಗುತ್ತದೆ ಎಂಬುದಕ್ಕಿಂತ, ಜುಲೈ ತಿಂಗಳಲ್ಲಿ ಎರಡನೆಯ ಮದ್ದು ಬಿಡುವ ಹೊತ್ತಿಗೆ ಅದೇ ಅಳತೆಯ ಕ್ಲ್ಯಾಂಪ್, ಅದೇ ಅಳತೆಯ ಕೊಳವೆ ಬದಿಯಡ್ಕದಲ್ಲಿ ಸಿಗುತ್ತದೆಯೇ ಎಂಬುದು ನಮಗೆ ಮುಖ್ಯ. ಕಾರ್ಖಾನೆಯವರು ಒಂದು ವರ್ಷ ಒಂದು ಅಳತೆಯಲ್ಲಿ, ಮರುವರ್ಷ ಇನ್ನೊಂದು ಅಳತೆಯಲ್ಲಿ ಕಳುಹಿಸಿದರೆ ಹಳೆಯ ದೋಟಿಗಳೆಲ್ಲ ಅಟ್ಟ ಸೇರಬೇಕಾಗುತ್ತದೆ.

ಎರಡನೆಯ ವಿಷಯ ಇದಕ್ಕಿಂತ ಗಂಭೀರವಾದದ್ದು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಬಿದಿರಿನ ಒಣ ದೋಟಿಯ ಅಭ್ಯಾಸವಿರುವ ನಮ್ಮ ಜನರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ನಮ್ಮ ಎಷ್ಟೋ ತೋಟಗಳ ನಡುವೆ ವಿದ್ಯುತ್ ತಂತಿ ಹಾದುಹೋಗಿದೆ. ಅದರ ಬಳಿ ಅರವತ್ತು ಅಡಿಯ ಕಾರ್ಬನ್ ಕೊಳವೆಯನ್ನು, ಅದೂ ಮಳೆಯಲ್ಲಿ ನೆನೆದದ್ದನ್ನು, ಎತ್ತುವುದೆಂದರೆ ಪ್ರಾಣದ ಪ್ರಶ್ನೆ. ದೋಟಿಯ ಮೇಲೆ ಚೀನೀ ಭಾಷೆಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಎಚ್ಚರಿಕೆ ಬರೆದಿದ್ದರೆ ನಮ್ಮಲ್ಲಿ ಕೆಲಸಕ್ಕೆ ಬರುವವರಿಗೆ ಅದರಿಂದ ಪ್ರಯೋಜನವಿಲ್ಲ. ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಅಂಟಿಸುವವರು ಯಾರು, ಬುಡದ ಕೊಳವೆಗೆ ವಿದ್ಯುತ್ ಹರಿಯದ ಹಿಡಿಕೆ ಬೇಕೆಂದು ಕಾರ್ಖಾನೆಗೆ ಹೇಳುವವರು ಯಾರು? ನಮ್ಮ ತೋಟ ಕಂಡ ವ್ಯಾಪಾರಿಗೆ ಮಾತ್ರ ಇದು ಹೊಳೆದೀತು. ಈ ಒಂದು ಕಾರಣಕ್ಕೆ ನೀವೇ ನೇರವಾಗಿ ತರಿಸುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ. ಆದರೆ ಅದನ್ನು ಮಾಡುವ ಮನಸ್ಸಿದ್ದರೆ ಮಾತ್ರ ತರಿಸಿ.

ಮುಳ್ಳೇರಿಯ, ತೆರಿಗೆ ಸಲಹೆಗಾರ

ಮಾಷ್ಟ್ರು ಹೇಳಿದ್ದಕ್ಕೆ ಕಾನೂನಿನ ಆಧಾರವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ತಯಾರಕನಿಗೆ ನೋಟಿಸು ತಲುಪಿಸಲಾಗದಿದ್ದರೆ ಅಥವಾ ಅವನು ಭಾರತದ ಕಾನೂನಿಗೆ ಒಳಪಡದಿದ್ದರೆ, ದೋಷದಿಂದಾದ ಹಾನಿಗೆ ಮಾರಿದವನೇ ಉತ್ತರಿಸಬೇಕಾಗಬಹುದು. ಪೊಟ್ಟಣದ ಮೇಲೆ ಆಮದುದಾರರ ಹೆಸರು, ಪೂರ್ಣ ವಿಳಾಸ, ತಯಾರಾದ ದೇಶ, ಎಂಆರ್‌ಪಿ, ದೂರು ಹೇಳಬೇಕಾದ ದೂರವಾಣಿ ಸಂಖ್ಯೆ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಈಗ ಆ ಜಾಗದಲ್ಲಿ ಹೊರ ಊರಿನ ಆಮದುದಾರರ ಹೆಸರಿದೆ. ನಾಳೆ ನಿಮ್ಮ ಹೆಸರು ಬರುತ್ತದೆ. ಆಮದುದಾರರು ತೆಗೆದುಕೊಳ್ಳುವ ಹಣದಲ್ಲಿ ಒಂದು ಪಾಲು ಈ ಹೊಣೆಗೆ ಸಂದದ್ದು ಎಂಬುದನ್ನು ನಾವು ಒಪ್ಪಬೇಕು.

ನಡುವಿನವರು ಎಂದರೆ ಎಲ್ಲರೂ ಒಂದೇ ಅಲ್ಲ. ಸ್ವಂತ ಹೆಸರಿನಲ್ಲಿ ಆಮದು ಮಾಡಿ ನಿಮಗೆ ಜಿಎಸ್‌ಟಿ ಬಿಲ್ಲು ಕೊಟ್ಟು ಮಾರುವವರು ಬೇರೆ. ಚೀನಾದ ಯಿವು, ಗ್ವಾಂಗ್‌ಝೌ ಪಟ್ಟಣಗಳಲ್ಲಿ ಕುಳಿತು ಕಮಿಷನ್ನಿಗೆ ಮಾಲು ಹುಡುಕಿ, ಪರಿಶೀಲಿಸಿ ಕಳುಹಿಸುವವರು ಬೇರೆ. ಮೂರನೆಯ ಒಂದು ವರ್ಗದವರಿದ್ದಾರೆ, ಇವರ ಬಗ್ಗೆ ಎಚ್ಚರವಿರಲಿ: ಐಇಸಿ ಬೇಡ, ಸುಂಕದ ಚಿಂತೆ ಬೇಡ, ಕಿಲೋಗೆ ಇಷ್ಟು ಕೊಟ್ಟರೆ ಮನೆಬಾಗಿಲಿಗೆ ತಂದು ಇಳಿಸುತ್ತೇವೆ ಎನ್ನುವವರು. ಅಲ್ಲಿ ಮಾಲು ಬರುವುದು ಬೇರೆ ಯಾರದೋ ಹೆಸರಿನಲ್ಲಿ. ನಿಮ್ಮ ಜಿಎಸ್‌ಟಿ ಸಂಖ್ಯೆಯಿರುವ ಬಿಲ್ ಆಫ್ ಎಂಟ್ರಿ ಇಲ್ಲದಿದ್ದರೆ ಕ್ರೆಡಿಟ್ ಸಿಗುವುದಿಲ್ಲ. ಅಂಗಡಿಯಲ್ಲಿರುವ ಮಾಲು ಎಲ್ಲಿಂದ ಬಂತೆಂದು ಅಧಿಕಾರಿಗಳು ಕೇಳಿದರೆ ತೋರಿಸಲು ಕಾಗದವಿರುವುದಿಲ್ಲ. ಕಡಿಮೆ ಮೌಲ್ಯ ಬರೆದು ತಂದದ್ದಾದರೆ ಮಾಲೇ ಜಪ್ತಿಯಾಗಬಹುದು.

ಕಾಂಪೊಸಿಷನ್ ಯೋಜನೆಯಲ್ಲಿರುವ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದಲ್ಲಿ ಜಿಎಸ್‌ಟಿ ಕಟ್ಟುವ ವ್ಯಾಪಾರಿಗಳು ಇದನ್ನೂ ಗಮನಿಸಬೇಕು. ಅವರಿಗೆ ಆಮದಿನ ಐಜಿಎಸ್‌ಟಿ ಹಿಂದೆ ಸಿಗದು, ಅದು ಪೂರ್ತಿ ಖರ್ಚೇ. ಅಂಗಡಿಗೆ ಬಂದು ಕೊಂಡುಹೋಗುವ ಪುತ್ತೂರಿನವರಿಗೆ ಮಾರಬಹುದೇ ಹೊರತು, ತಲಪಾಡಿ ಗಡಿ ದಾಟಿಸಿ ಕರ್ನಾಟಕಕ್ಕೆ ಮಾಲು ಕಳುಹಿಸಿ ಮಾರುವಂತಿಲ್ಲ. ಗಡಿಯಲ್ಲಿರುವ ನಮಗೆ ಇದು ಸಣ್ಣ ಅಡಚಣೆಯಲ್ಲ.

ಎರಡರ ನಡುವೆ ಇನ್ನೊಂದು ದಾರಿಯೂ ಇದೆ. ಅನುಭವಿ ಆಮದುದಾರರು ತರಿಸುತ್ತಿರುವ ಮಾಲು ಹಡಗಿನಲ್ಲಿರುವಾಗಲೇ ಅದನ್ನು ಅವರಿಂದ ಕೊಂಡು, ಬಿಲ್ ಆಫ್ ಎಂಟ್ರಿಯನ್ನು ನಿಮ್ಮ ಹೆಸರಿನಲ್ಲಿ ಸಲ್ಲಿಸಬಹುದು. ಹೈ ಸೀ ಸೇಲ್ ಎಂದು ಇದನ್ನು ಕರೆಯುತ್ತಾರೆ. ಕಾರ್ಖಾನೆಯೊಡನೆ ವ್ಯವಹರಿಸುವ ಕೆಲಸ ಅವರದು, ಬಂದರಿನ ಕೆಲಸ ನಿಮ್ಮದು. ಹೊಸಬರಿಗೆ ಕಾಗದಪತ್ರದ ಅರ್ಧ ಭಾಗವನ್ನು ಕಲಿಯಲು ಇದು ಒಳ್ಳೆಯ ಕ್ರಮ.

ಕಾಸರಗೋಡು, ನಿವೃತ್ತ ಬ್ಯಾಂಕ್ ಅಧಿಕಾರಿ

ಹಣದ ಕುರಿತು ನಾಲ್ಕು ಮಾತು. ಸಣ್ಣ ಮೊತ್ತಕ್ಕೆ ಕಾರ್ಖಾನೆಯವರು ಸಾಮಾನ್ಯವಾಗಿ ಕೇಳುವುದು ಶೇಕಡಾ 30 ಮುಂಗಡ, ಮಾಲು ಹಡಗಿಗೆ ಏರಿದ್ದಕ್ಕೆ ರಸೀದಿಯಾದ ಬಿಲ್ ಆಫ್ ಲೇಡಿಂಗಿನ ಪ್ರತಿ ತೋರಿಸಿದಾಗ ಉಳಿದ ಶೇಕಡಾ 70. ಹಣ ಪಾವತಿಗೆ ಬ್ಯಾಂಕೇ ಭರವಸೆ ಕೊಡುವ ಲೆಟರ್ ಆಫ್ ಕ್ರೆಡಿಟ್ ಹೆಚ್ಚು ಭದ್ರವಾದರೂ ಎರಡು ಮೂರು ಲಕ್ಷದ ವ್ಯವಹಾರಕ್ಕೆ ಅದರ ಖರ್ಚು ಭಾರವಾಗುತ್ತದೆ. ಅದೂ ಅಲ್ಲದೆ, ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಬ್ಯಾಂಕು ನೋಡುವುದು ದಾಖಲೆಗಳನ್ನು, ಪೆಟ್ಟಿಗೆಯೊಳಗಿನ ಮಾಲನ್ನಲ್ಲ. ಮಾಲು ನೋಡಬೇಕಾದರೆ ಅದು ಹಡಗಿಗೆ ಏರುವ ಮೊದಲೇ ಅಲ್ಲಿಯ ತಪಾಸಣಾ ಸಂಸ್ಥೆಯೊಂದಕ್ಕೆ ಹಣ ಕೊಟ್ಟು ಪರೀಕ್ಷೆ ಮಾಡಿಸಬೇಕು.

ಮುಂಗಡ ಕಳುಹಿಸಿದ ಮೇಲೆ ಬಿಲ್ ಆಫ್ ಎಂಟ್ರಿ ಬ್ಯಾಂಕಿನ ದಾಖಲೆಯಲ್ಲಿ ಹೊಂದಿಕೆಯಾಗುವವರೆಗೆ ಆ ಲೆಕ್ಕ ನಿಮ್ಮ ಹೆಸರಿನಲ್ಲಿ ತೆರೆದೇ ಇರುತ್ತದೆ. ಮಾಲು ಬಂದಿಲ್ಲವೆಂದು ಸುಮ್ಮನೆ ಕೂರುವಂತಿಲ್ಲ, ವಿವರ ಕೊಡಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಇಮೇಲಿನದ್ದು. ವ್ಯವಹಾರ ಕುದುರಿದ ಮೇಲೆ, ಹಣ ಕಳುಹಿಸುವ ಹೊತ್ತಿಗೆ ಸರಿಯಾಗಿ, ನಮ್ಮ ಖಾತೆಯಲ್ಲಿ ಆಡಿಟ್ ನಡೆಯುತ್ತಿದೆ, ಈ ಹೊಸ ಖಾತೆಗೆ ಹಾಕಿ ಎಂಬ ಪತ್ರ ಬರುತ್ತದೆ. ವಿಳಾಸದಲ್ಲಿ ಒಂದಕ್ಷರ ಮಾತ್ರ ಬದಲಾಗಿರುತ್ತದೆ. ಮೊದಲೇ ಗೊತ್ತಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ, ಸಾಧ್ಯವಾದರೆ ವೀಡಿಯೊ ಕರೆಯಲ್ಲಿ ಮುಖ ನೋಡಿ ಕೇಳದೆ ಹೊಸ ಖಾತೆಗೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ಆರ್ಡರಿಗೆ ಮುಂಚೆ ಕಾರ್ಖಾನೆ ಕೊಡುವ ಪ್ರೊಫಾರ್ಮಾ ಇನ್‌ವಾಯ್ಸಿನಲ್ಲಿರುವ ಕಂಪೆನಿಯ ಹೆಸರೂ ಖಾತೆಯ ಹೆಸರೂ ಒಂದೇ ಆಗಿರಬೇಕು.

ಬದಿಯಡ್ಕ, ಕೃಷಿ ಸಲಕರಣೆ ಅಂಗಡಿ

ಇಷ್ಟು ವಿವರವಾಗಿ ತಿಳಿಸಿದ ಎಲ್ಲರಿಗೂ ಋಣಿಯಾಗಿದ್ದೇನೆ. ಈ ಮಳೆಗಾಲಕ್ಕೆ ದೋಟಿಯನ್ನು ಈಗಿನ ಆಮದುದಾರರಿಂದಲೇ ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಆದರೆ ಕನ್ನಡ, ಮಲಯಾಳ ಎರಡರಲ್ಲೂ ವಿದ್ಯುತ್ ಎಚ್ಚರಿಕೆಯ ಚೀಟಿ ಅಂಟಿಸದ ದೋಟಿಯನ್ನು ಇನ್ನು ತೆಗೆದುಕೊಳ್ಳುವುದಿಲ್ಲವೆಂದು ಅವರಿಗೆ ಇವತ್ತೇ ಬರೆದಿದ್ದೇನೆ. ಅವರು ಅಂಟಿಸುವ ತನಕ ಅಂಗಡಿಯಲ್ಲಿರುವುದಕ್ಕೆ ನಾವೇ ಅಂಟಿಸುತ್ತೇವೆ.

ನೇರ ಆಮದಿಗೆ ಕ್ಲ್ಯಾಂಪು, ರಬ್ಬರ್ ಪಟ್ಟಿ, ಕೊಯ್ಯುವ ಕತ್ತಿಯ ಜೋಡಣೆ ಇಂಥ ಬಿಡಿಭಾಗಗಳಿಂದ ಶುರು ಮಾಡಬೇಕೆಂದಿದೆ. ಇವುಗಳ ಅಳತೆ ನಮಗೆ ಚೆನ್ನಾಗಿ ಗೊತ್ತಿದೆ, ಜಾಗ ಹಿಡಿಯುವುದಿಲ್ಲ, ವರ್ಷ ಕಳೆದರೂ ಮಾರಾಟವಾಗುತ್ತವೆ. ಮುಳ್ಳೇರಿಯದ ಒಬ್ಬರು ಮತ್ತು ಪೆರ್ಲದ ಒಬ್ಬರು ವ್ಯಾಪಾರಿಗಳು ಕೂಡಿಕೊಳ್ಳಲು ಸಿದ್ಧರಿದ್ದಾರೆ. ಮೂವರೂ ಸೇರಿ ಒಂದೇ ಆರ್ಡರ್ ಕೊಡುವುದು ಹೇಗೆ, ಯಾವಾಗ ಕೊಡಬೇಕು?

ಮಂಜೇಶ್ವರ, ಪಣಂಬೂರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ

ಕಾಲದ ಮಾತು ಮೊದಲು. ಮೊದಲನೆಯ ಮದ್ದು ಮಳೆ ಹಿಡಿಯುವ ಮೊದಲೇ ಬಿಡಬೇಕಾದ್ದರಿಂದ ಮಾಲು ಮೇ ತಿಂಗಳ ಮಧ್ಯದೊಳಗೆ ನಿಮ್ಮ ಅಂಗಡಿಯಲ್ಲಿರಬೇಕು. ಚೀನೀ ಹೊಸ ವರ್ಷದ ರಜೆ ಜನವರಿ ಕೊನೆಯಿಂದ ಫೆಬ್ರವರಿಯ ನಡುವೆ ಬರುತ್ತದೆ, ಕಾರ್ಖಾನೆಗಳು ಪೂರ್ತಿ ಚೇತರಿಸಿಕೊಳ್ಳಲು ಆಮೇಲೂ ಸಮಯ ಹಿಡಿಯುತ್ತದೆ. ಆದ್ದರಿಂದ ಮಾದರಿಯನ್ನು ನವೆಂಬರಿನೊಳಗೆ ತರಿಸಿ ಪರೀಕ್ಷಿಸಿ, ಡಿಸೆಂಬರಿನಲ್ಲಿ ಆರ್ಡರ್ ಖಚಿತಪಡಿಸಿ. ಮಾದರಿ ಕೊರಿಯರಿನಲ್ಲಿ ಬರುವಾಗ ಉದ್ದನೆಯ ಕೊಳವೆ ಸೇರಿಸಬೇಡಿ. ಕೊರಿಯರಿನವರು ತೂಕವನ್ನಷ್ಟೇ ಅಲ್ಲ, ಗಾತ್ರವನ್ನೂ ಲೆಕ್ಕ ಹಾಕುತ್ತಾರೆ: 200 ಸೆಂ.ಮೀ. ಉದ್ದ, 20 ಅಗಲ, 20 ಎತ್ತರದ ಪೆಟ್ಟಿಗೆಯ ಗಾತ್ರವನ್ನು 5,000ದಿಂದ ಭಾಗಿಸಿ 16 ಕಿಲೋ ಎನ್ನುತ್ತಾರೆ, ಒಳಗೆ ಇರುವುದು ಆರೇ ಕಿಲೋ ಆದರೂ.

ಮೂವರಲ್ಲಿ ಒಬ್ಬರೇ ಆಮದುದಾರರಾಗಲು ಸಾಧ್ಯ. ಬಿಲ್ ಆಫ್ ಎಂಟ್ರಿ ಅವರ ಹೆಸರಿನಲ್ಲಿ ಆಗಿ, ಉಳಿದ ಇಬ್ಬರಿಗೆ ಅವರು ಜಿಎಸ್‌ಟಿ ಬಿಲ್ಲು ಮಾಡಿ ಮಾರಬೇಕು. ಅಂದರೆ ಆ ಇಬ್ಬರ ಮಟ್ಟಿಗೆ ಅವರೇ ನಡುವಿನವರು. ಮುಂಗಡ ಹಣ, ಬಂದರಿನ ಖರ್ಚು, ಪೊಟ್ಟಣದ ಮೇಲಿನ ಹೆಸರು ಎಲ್ಲವೂ ಅವರದ್ದೇ ಆಗಿರುವುದರಿಂದ, ಖರೀದಿ ಬೆಲೆಗೇ ಹಂಚಿಕೊಳ್ಳದೆ ಅವರಿಗೆ ನ್ಯಾಯವಾದ ಒಂದು ಲಾಭಾಂಶ ಬಿಡಿ. ಹೊಂದದ ಕ್ಲ್ಯಾಂಪುಗಳು ಬಂದರೆ ನಷ್ಟವನ್ನು ಹೇಗೆ ಹಂಚಿಕೊಳ್ಳುವುದು ಎಂಬುದನ್ನು ಮುಂಗಡ ಕಳುಹಿಸುವ ಮೊದಲೇ ಮೂವರೂ ಬರೆದು ಸಹಿ ಹಾಕಿಕೊಳ್ಳಿ. ಕ್ಲ್ಯಾಂಪು ಅಲ್ಯೂಮಿನಿಯಮ್ಮಿನದೋ ಪ್ಲಾಸ್ಟಿಕ್ಕಿನದೋ ಎಂದು ಕಾರ್ಖಾನೆಯಿಂದ ಬರಹದಲ್ಲಿ ತರಿಸಿ ಕಳುಹಿಸಿದರೆ, ಎಚ್‌ಎಸ್ ಕೋಡ್ ಮತ್ತು ಸುಂಕದ ಲೆಕ್ಕವನ್ನು ನಾನು ನೋಡಿ ಹೇಳುತ್ತೇನೆ.